ಸತ್ಯವೂ ನೀತಿಯೂ ಸಾಪೇಕ್ಷವೆ?

ಸತ್ಯವೆಂಬುದು ಒಂದೇ ಎಂಬುದು ಹಿರಿಯರು ಬಾಲ್ಯದಿಂದಲೂ ನಮ್ಮ ಕಿವಿಗೆ ಹಾಕಿದ ಮಾತು. ವಿದ್ಯಾವಂತರ ಗೋಷ್ಠಿಗಳಲ್ಲಿ ಇದಕ್ಕೆ ಪ್ರತಿಯಾದ ಇನ್ನೊಂದು ಮಾತು ಆಗಾಗ ಕೇಳಿಬರುತ್ತದೆ. ಅವರವರ ಸತ್ಯ ಅವರವರಿಗೆ. ಒಂದು ದೇಶದಲ್ಲಿ ಧರ್ಮವಾದದ್ದು ಇನ್ನೊಂದು ದೇಶದಲ್ಲಿ ಅಧರ್ಮ. ಒಂದು ಕಾಲದಲ್ಲಿ ಪುಣ್ಯವಾದದ್ದು ಮತ್ತೊಂದು ಕಾಲದಲ್ಲಿ ಪಾಪ. ಹೀಗಿರುವಲ್ಲಿ ಇದು ಸರಿ, ಇದು ತಪ್ಪು ಎಂದು ನಿರ್ಣಯಿಸುವುದಕ್ಕೆ ನಾವು ಯಾರು? ಈ ಮಾತಿನಲ್ಲಿ ವಿನಯವುಂಟು, ಔದಾರ್ಯವೂ ಉಂಟು. ಆದಕಾರಣವೇ ಅದು ಮನಸ್ಸನ್ನು ಬೇಗ ಒಲಿಸಿಕೊಳ್ಳುತ್ತದೆ. ಆದರೆ ಮಾತು ಹಿತವಾಗಿದೆಯೆಂಬುದೊಂದು, ನಿಜವಾಗಿದೆಯೆಂಬುದು ಇನ್ನೊಂದು. ಅದು ನಿಜವಾದ ಪಕ್ಷದಲ್ಲಿ ಅದರಿಂದ ಏನೇನು ಒದಗುತ್ತದೆಂಬುದನ್ನು ಕೊನೆಯವರೆಗೂ ನೋಡಬೇಕಷ್ಟೆ. ಈ ಭಾಷಣದಲ್ಲಿ ನಾನು ಮಾಡಹೊರಟಿರುವುದು ಅಷ್ಟೇ.

ಮೊದಲು ಪದಗಳ ಅರ್ಥವನ್ನು ಗೊತ್ತುಮಾಡಿಕೊಳ್ಳೋಣ. ಮತ್ತೊಂದನ್ನು ಅವಲಂಬಿಸಿ ಮಾತ್ರ ನಿಜವಾಗತಕ್ಕದ್ದು ಸಾಪೇಕ್ಷ. ಯಾವುದನ್ನೂ ಅವಲಂಬಿಸದೆ ಎಲ್ಲರಿಗೂ ಎಲ್ಲೆಲ್ಲಿಯೂ ನಿಜವಾಗಿರತಕ್ಕದ್ದು ನಿರಪೇಕ್ಷ. ಬೆಂಗಳೂರಿನಲ್ಲಿರುವವರಿಗೆ ಮೈಸೂರು ನೈಋತ್ಯಕ್ಕಿದೆ, ಉದಕಮಂಡಲದಲ್ಲಿರುವವರಿಗೆ ಉತ್ತರಕ್ಕಿದೆ. ಇಬ್ಬರ ಮಾತೂ ಸರಿ. ಇಷ್ಟಕ್ಕೇ ಸತ್ಯವು ಸಾಪೇಕ್ಷವೆಂದು ತೀರ್ಮಾನಿಸುವವರುಂಟು. ಆದರೆ ಸ್ವಲ್ಪ ನಿಂತು ಯೋಚಿಸಿ. 'ಬೆಂಗಳೂರಿನಿಂದ ಮೈಸೂರು ನೈಋತ್ಯಕ್ಕಿದೆ' ಎಂದು ಪೂರ್ತಿಯಾಗಿ ಹೇಳಿದೊಡನೆ ಆ ಮಾತು ಬೆಂಗಳೂರಿನವರಿಗೂ ನಿಜ, ಉದಕಮಂಡಲದವರಿಗೂ ನಿಜ, ಎರಡು ಊರನ್ನೂ ಕಾಣದ ಲಂಡನ್ನಿನವರಿಗೂ ನಿಜ. ಎಲ್ಲಿಂದ ಎಂಬುದನ್ನು ಬಿಟ್ಟು ಹೇಳಿದ್ದರಿಂದ ವಿವಾದ ಹುಟ್ಟಿತೇ ಹೊರತು, ಸತ್ಯವೇ ಎರಡಾಗಿ ಒಡೆದುಹೋಗಿರಲಿಲ್ಲ. ಈ ಸಣ್ಣ ಉದಾಹರಣೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಶ್ರೋತೃಗಳಲ್ಲಿ ಬೇಡುತ್ತೇನೆ. ಮುಂದೆ ಇದು ನಮಗೆ ಉಪಯೋಗಕ್ಕೆ ಬರುತ್ತದೆ.

ಈ ವಾದ ಹೊಸದೇನೂ ಅಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಗ್ರೀಕರಲ್ಲಿ ಪ್ರೊಟಾಗೊರಾಸ್ ಎಂಬ ಪ್ರಸಿದ್ಧ ಬೋಧಕನಿದ್ದನು. ಎಲ್ಲ ವಸ್ತುಗಳಿಗೂ ಮನುಷ್ಯನೇ ಅಳತೆಗೋಲು ಎಂಬುದು ಅವನ ಸಿದ್ಧಾಂತ. ಯಾರಿಗೆ ಹೇಗೆ ತೋರುತ್ತದೆಯೋ ಅವರಿಗೆ ಅದು ಹಾಗೆಯೇ. ಬೀಸುವ ಗಾಳಿ ಒಬ್ಬನಿಗೆ ಕೊರೆಯುತ್ತದೆ, ಪಕ್ಕದಲ್ಲಿ ನಿಂತವನಿಗೆ ಕೊರೆಯುವುದಿಲ್ಲ. ಗಾಳಿ ತಣ್ಣಗಿದೆಯೋ ಇಲ್ಲವೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ ಎಂದು ಈ ಮತದವರು ವಾದಿಸುವರು. ಪ್ಲೇಟೋ ತನ್ನ 'ಥಿಯೆಟೀಟಸ್' ಎಂಬ ಸಂವಾದದಲ್ಲಿ ಇದನ್ನು ಪರಿಶೀಲಿಸಿ ಎರಡು ಆಕ್ಷೇಪಗಳನ್ನು ತರುತ್ತಾನೆ. ಎಲ್ಲರ ಅಭಿಪ್ರಾಯವೂ ಅವರವರಿಗೆ ಸತ್ಯವಾದರೆ, ಪ್ರೊಟಾಗೊರಾಸನ ಮತವು ಸುಳ್ಳೆಂದು ಭಾವಿಸುವವರ ಅಭಿಪ್ರಾಯವೂ ಸತ್ಯವೆಂದು ಅವನೇ ಒಪ್ಪಬೇಕಾಗುತ್ತದೆ. ಆಗ ಅವನು ಕುಳಿತ ಕೊಂಬೆಯನ್ನು ಅವನೇ ಕಡಿದಂತಾಯಿತು. ಎರಡನೆಯದು ಇನ್ನೂ ಬಲವಾದದ್ದು. ಈಗ ಚಳಿಯಾಗುತ್ತಿದೆಯೇ ಎಂಬುದಕ್ಕೆ ರೋಗಿಯೇ ಪ್ರಮಾಣವಾಗಬಹುದು. ಆದರೆ ನಾಳೆ ಅವನಿಗೆ ಜ್ವರ ಬರುವುದೇ ಇಲ್ಲವೇ ಎಂಬಲ್ಲಿ ರೋಗಿಯ ಎಣಿಕೆಗೂ ವೈದ್ಯನ ಎಣಿಕೆಗೂ ಸಮಬಲವಿಲ್ಲ. ನಾಳೆ ಬಂದೇ ಬರುತ್ತದೆ. ಬಂದು ಇಬ್ಬರಲ್ಲಿ ಒಬ್ಬರನ್ನು ತಪ್ಪೆಂದು ತೋರಿಸಿ ಹೋಗುತ್ತದೆ. ನಮ್ಮ ಇಷ್ಟಾನಿಷ್ಟಗಳನ್ನು ಕೇಳದೆ ಹೀಗೆ ಎದುರು ನಿಂತು ತೀರ್ಪು ಕೊಡುವ ಏನೋ ಒಂದು ಇದೆಯಲ್ಲವೆ, ಅದನ್ನೇ ಸತ್ಯವೆನ್ನುವುದು.

ಇಲ್ಲಿ ಕೆಲವರು ಜೈನರ ಸ್ಯಾದ್ವಾದವನ್ನು ತಮ್ಮ ಪಕ್ಷಕ್ಕೆ ಎಳೆದುಕೊಳ್ಳುತ್ತಾರೆ. ಸಮಂತಭದ್ರರ 'ಆಪ್ತಮೀಮಾಂಸೆ', ಅದಕ್ಕೆ ಅಕಲಂಕರು ಬರೆದ 'ಅಷ್ಟಶತೀ' ಮೊದಲಾದ ಗ್ರಂಥಗಳಲ್ಲಿ ಬೆಳೆದ ಈ ವಿಚಾರಕ್ಕೂ ಕನ್ನಡನಾಡಿನ ಜೈನ ಪರಂಪರೆಗೂ ನಿಕಟವಾದ ಸಂಬಂಧವುಂಟು. ವಸ್ತುವು ಅನೇಕ ಧರ್ಮಗಳುಳ್ಳದ್ದು. ನಾವು ಆಡುವ ಒಂದೊಂದು ಮಾತೂ ಒಂದೊಂದು ನಯದಿಂದ, ಎಂದರೆ ಒಂದೊಂದು ದೃಷ್ಟಿಯಿಂದ ಮಾತ್ರ ನಿಜ. ಆದುದರಿಂದ ಪ್ರತಿಯೊಂದು ನಿರ್ಣಯಕ್ಕೂ 'ಸ್ಯಾತ್' ಎಂಬ ಎಚ್ಚರಿಕೆಯ ಮಾತನ್ನು ಸೇರಿಸಬೇಕೆಂದು ಅವರು ವಿಧಿಸಿದರು. ಆದರೆ ಇದು ಎಲ್ಲವೂ ಸತ್ಯವೆಂಬ ವಾದವಲ್ಲ. ಒಂದು ನಯವನ್ನೇ ಪೂರ್ಣಸತ್ಯವೆಂದು ಹಿಡಿಯುವುದನ್ನು ಅವರು ದುರ್ನಯವೆಂದು ಕರೆದು ತಪ್ಪೆಂದೇ ಹೇಳಿದರು. ಆನೆಯನ್ನು ಮುಟ್ಟಿದ ಕುರುಡರ ದೃಷ್ಟಾಂತ ಎಲ್ಲರಿಗೂ ಗೊತ್ತು. ಕಾಲನ್ನು ಹಿಡಿದವನು ಆನೆ ಕಂಬದಂತಿದೆ ಎಂದನು, ಕಿವಿಯನ್ನು ಹಿಡಿದವನು ಮೊರದಂತಿದೆ ಎಂದನು. ಅವರು ಬೇರೆ ಬೇರೆಯಾಗಿ ಹೇಳಿದರೆಂಬುದನ್ನು ನಾವು ನೆನೆಯುತ್ತೇವೆ; ಅಲ್ಲಿ ಆನೆಯೊಂದು ಇತ್ತೆಂಬುದನ್ನು ಮರೆಯುತ್ತೇವೆ. ಆನೆಯೇ ಇಲ್ಲದಿದ್ದರೆ ಆ ಕಥೆಗೆ ಅರ್ಥವೇ ಇಲ್ಲ.

ಇದೇ ಮೇರೆಗೆ ಐನ್‌ಸ್ಟೈನ್ ಮಹಾಶಯನ ಹೆಸರನ್ನೂ ಈ ವಾದಕ್ಕೆ ಸಾಕ್ಷಿಯಾಗಿ ಕರೆಯುವುದುಂಟು. ೧೯೦೫ ರಲ್ಲಿ ಅವನು ಪ್ರಕಟಿಸಿದ ಸಿದ್ಧಾಂತಕ್ಕೆ ಸಾಪೇಕ್ಷತಾವಾದವೆಂದು ಹೆಸರಾದದ್ದೇ ಇದಕ್ಕೆ ಕಾರಣ. ಒಬ್ಬರಿಗೊಬ್ಬರು ಸಾಪೇಕ್ಷವಾಗಿ ಚಲಿಸುತ್ತಿರುವ ಇಬ್ಬರು ವೀಕ್ಷಕರು ಕಾಲವನ್ನೂ ಉದ್ದವನ್ನೂ ಅಳೆದರೆ ಅವರ ಅಳತೆಗಳು ಒಂದಾಗುವುದಿಲ್ಲವೆಂದು ಅವನು ತೋರಿಸಿದ್ದು ನಿಜ. ಆದರೆ ಆ ಸಿದ್ಧಾಂತ ನಿಂತಿರುವುದು ಯಾವುದರ ಮೇಲೆ? ಸಮವೇಗದಿಂದ ಚಲಿಸುವ ಎಲ್ಲ ವೀಕ್ಷಕರಿಗೂ ಪ್ರಕೃತಿಯ ನಿಯಮಗಳು ಒಂದೇ, ಶೂನ್ಯದಲ್ಲಿ ಬೆಳಕಿನ ವೇಗವೂ ಒಂದೇ ಎಂಬ ಆಧಾರದ ಮೇಲೆ. ಒಬ್ಬನ ಅಳತೆಯಿಂದ ಮತ್ತೊಬ್ಬನ ಅಳತೆಯನ್ನು ತಪ್ಪಿಲ್ಲದೆ ಲೆಕ್ಕಹಾಕಿ ಹೇಳಬಹುದು. ಮೈಸೂರಿನ ದಿಕ್ಕಿನ ಉದಾಹರಣೆಯನ್ನೇ ಇಲ್ಲಿಯೂ ಕಾಣುತ್ತೇವೆ. ನೋಟ ಬೇರೆಯಾದರೂ ನೋಟಗಳನ್ನು ಬೆಸೆಯುವ ನಿಯಮ ಒಂದೇ.

ಹಾಗಾದರೆ ಜ್ಞಾನದ ವಿಷಯದಲ್ಲಿ ಹೇಗೋ ಆಗಲಿ, ನೀತಿಯ ವಿಷಯದಲ್ಲಿ ಏನು ಹೇಳುತ್ತೀರಿ ಎಂದು ಶ್ರೋತೃಗಳು ಕೇಳಬಹುದು. ಜ್ವರ ಬಂದಿತೇ ಎಂಬುದನ್ನು ನಾಳೆಯ ದಿನ ನಿರ್ಣಯಿಸುತ್ತದೆ. ಧರ್ಮಾಧರ್ಮಗಳನ್ನು ನಿರ್ಣಯಿಸುವ ನಾಳೆ ಎಲ್ಲಿದೆ? ಗ್ರೀಕ್ ಇತಿಹಾಸಕಾರನಾದ ಹೆರೊಡೋಟಸ್ ಒಂದು ಪ್ರಸಂಗವನ್ನು ಬರೆದಿದ್ದಾನೆ. ಪಾರಸಿಕ ಚಕ್ರವರ್ತಿಯಾದ ಡೇರಿಯಸ್ ತನ್ನ ಆಸ್ಥಾನದಲ್ಲಿದ್ದ ಗ್ರೀಕರನ್ನು ಕರೆಸಿ, ಎಷ್ಟು ಹಣ ಕೊಟ್ಟರೆ ನಿಮ್ಮ ತಂದೆಗಳ ಶವವನ್ನು ತಿನ್ನುವಿರಿ ಎಂದು ಕೇಳಿದನಂತೆ. ಎಷ್ಟು ಕೊಟ್ಟರೂ ಆಗದೆಂದರು ಅವರು. ಆಮೇಲೆ ತಂದೆತಾಯಿಗಳ ಶವವನ್ನು ತಿನ್ನುವ ಪದ್ಧತಿಯುಳ್ಳ ಕಲ್ಲಾಟಿಯರೆಂಬ ಭಾರತದ ಒಂದು ಜನಾಂಗದವರನ್ನು ಕರೆಸಿ, ಎಷ್ಟು ಕೊಟ್ಟರೆ ಶವವನ್ನು ಸುಡುವಿರಿ ಎಂದನಂತೆ. ಅಂಥ ಮಾತನ್ನೇ ಆಡಬೇಡವೆಂದು ಅವರು ಕೂಗಿಕೊಂಡರು. ಆಚಾರವೇ ಸರ್ವಾಧಿಕಾರಿ ಎಂದು ಹೆರೊಡೋಟಸ್ ಇದರಿಂದ ತೀರ್ಮಾನಿಸಿದನು.

ಈ ಕಥೆ ನಡೆಯಿತೋ ಇಲ್ಲವೋ ಎಂಬುದು ಬೇರೆ ಮಾತು. ಆದರೆ ಅದರಿಂದ ತೆಗೆದ ತೀರ್ಮಾನವನ್ನು ಮಾತ್ರ ಒಪ್ಪುವುದು ಕಷ್ಟ. ಇಬ್ಬರೂ ಕೂಗಿಕೊಂಡದ್ದೇಕೆ? ಗತಿಸಿದ ತಂದೆತಾಯಿಗಳಿಗೆ ಅಗೌರವವಾಗಕೂಡದೆಂದಲ್ಲವೆ? ಒಬ್ಬರು ಸುಟ್ಟು ಗೌರವಿಸಿದರು, ಮತ್ತೊಬ್ಬರು ಬೇರೆ ಬಗೆಯಿಂದ ಗೌರವಿಸಿದರು. ಆಚಾರ ಎರಡು, ಅದರ ಹಿಂದಿನ ಧರ್ಮ ಒಂದು. ನಮ್ಮವರು ದೇಶಾಚಾರ, ಕುಲಾಚಾರಗಳನ್ನು ಒಂದು ಕಡೆಗೂ ಸಾಧಾರಣ ಧರ್ಮವೆಂಬುದನ್ನು ಮತ್ತೊಂದು ಕಡೆಗೂ ಇಟ್ಟದ್ದು ಈ ಭೇದವನ್ನು ಅರಿತೇ.

ಇನ್ನು ಕೆಲವು ಭೇದಗಳು ಆಚಾರದಿಂದಲ್ಲ, ಸಂಗತಿಗಳ ಅರಿವಿನಿಂದ ಹುಟ್ಟುತ್ತವೆ. ೧೬೯೨ ರಲ್ಲಿ ಅಮೆರಿಕದ ಸೇಲಮ್ ಎಂಬಲ್ಲಿ ಮಾಟಗಾತಿತನದ ಆರೋಪದ ಮೇಲೆ ಹತ್ತೊಂಬತ್ತು ಜನರನ್ನು ಗಲ್ಲಿಗೆ ಹಾಕಿದರು. ಅವರನ್ನು ಅಪರಾಧಿಗಳೆಂದು ನಿರ್ಣಯಿಸಿದವರು ಕೊಲೆಯನ್ನು ಒಳ್ಳೆಯದೆಂದು ನಂಬಿದವರಲ್ಲ. ಆ ಬಡಪಾಯಿಗಳು ಮಂತ್ರದಿಂದ ನೆರೆಯವರನ್ನು ಪೀಡಿಸುತ್ತಿದ್ದಾರೆಂದು ನಂಬಿದ್ದರು. ಐದು ವರ್ಷಗಳ ತರುವಾಯ ಪಂಚಾಯಿತರಲ್ಲಿ ಹಲವರು ತಾವು ನಿರಪರಾಧಿಗಳ ರಕ್ತಕ್ಕೆ ಕಾರಣರಾದೆವೆಂದು ಬಹಿರಂಗವಾಗಿ ಕ್ಷಮೆ ಬೇಡಿದರು. ಈ ಐದು ವರ್ಷಗಳಲ್ಲಿ ನಿರಪರಾಧಿಯನ್ನು ಕೊಲ್ಲಬಾರದೆಂಬ ಧರ್ಮ ಬದಲಾಯಿಸಲಿಲ್ಲ. ಅವರ ಕಣ್ಣು ತೆರೆಯಿತು, ಅಷ್ಟೆ.

ಹೀಗೆ ಆಚಾರಭೇದವನ್ನೂ ಅರಿವಿನ ಭೇದವನ್ನೂ ಕಳೆದ ಮೇಲೆಯೂ ಒಂದು ನಿಜವಾದ ಕಷ್ಟ ಉಳಿಯುತ್ತದೆ. ಎರಡು ಧರ್ಮಗಳೇ ಒಂದಕ್ಕೊಂದು ಎದುರಾದಾಗ ಏನು ಮಾಡತಕ್ಕದ್ದು? ಆಶ್ಚರ್ಯವೇನೆಂದರೆ, ಇದಕ್ಕೆ ಪೂರ್ವದೇಶದವರೂ ಪಶ್ಚಿಮದೇಶದವರೂ ಬಹುಮಟ್ಟಿಗೆ ಒಂದೇ ಉದಾಹರಣೆಯನ್ನು ಕಲ್ಪಿಸಿದರು. ಆದರೆ ಉತ್ತರ ಮಾತ್ರ ಬೇರೆ ಬೇರೆಯಾಗಿ ಕೊಟ್ಟರು.

ಮಹಾಭಾರತದ ಕರ್ಣಪರ್ವದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಕೌಶಿಕನ ಕಥೆಯನ್ನು ಹೇಳುತ್ತಾನೆ. ಕೌಶಿಕನು ಸತ್ಯವನ್ನೇ ನುಡಿಯುವ ವ್ರತ ಹಿಡಿದ ತಪಸ್ವಿ. ಕಳ್ಳರಿಗೆ ಹೆದರಿದ ಕೆಲವರು ಅವನ ಆಶ್ರಮದ ಬಳಿಯ ಕಾಡಿನಲ್ಲಿ ಅಡಗಿದರು. ಕಳ್ಳರು ಬಂದು ಕೇಳಿದರು, ಕೌಶಿಕನು ಕಂಡದ್ದನ್ನು ಕಂಡಂತೆ ಹೇಳಿದನು, ಅಡಗಿದ್ದವರು ಹತರಾದರು. ಸತ್ಯವಾದಿಯೆಂದು ಹೆಸರಾದ ಕೌಶಿಕನಿಗೆ ದೊರಕಿದ್ದು ನರಕ. ೧೭೯೭ ರಲ್ಲಿ ಜರ್ಮನಿಯ ತತ್ತ್ವಜ್ಞನಾದ ಕ್ಯಾಂಟ್, ಫ್ರೆಂಚ್ ಲೇಖಕನಾದ ಬೆಂಜಮಿನ್ ಕಾನ್‌ಸ್ಟಂಟ್ ಎಂಬುವನಿಗೆ ಉತ್ತರವಾಗಿ ಒಂದು ಸಣ್ಣ ಪ್ರಬಂಧವನ್ನು ಬರೆದನು. ಕೊಲೆಗಾರನೊಬ್ಬನು ಬಾಗಿಲಿಗೆ ಬಂದು, ನಾನು ಅಟ್ಟಿಸಿಕೊಂಡು ಬಂದ ನಿನ್ನ ಸ್ನೇಹಿತನು ಒಳಗಿರುವನೇ ಎಂದು ಕೇಳಿದರೆ ಏನು ಹೇಳಬೇಕು? ಸತ್ಯವನ್ನು ಕೇಳುವ ಹಕ್ಕಿಲ್ಲದವನಿಗೆ ಅದನ್ನು ಹೇಳುವ ಕರ್ತವ್ಯವೂ ಇಲ್ಲವೆಂದಿದ್ದನು ಕಾನ್‌ಸ್ಟಂಟ್. ಆಗಲೂ ಸುಳ್ಳು ಹೇಳಕೂಡದು ಎಂದನು ಕ್ಯಾಂಟ್. ನೀನು ಇಲ್ಲವೆಂದು ಹೇಳಿದ್ದರಿಂದ ಕೊಲೆಗಾರನು ಹಿಂದಿರುಗಿ, ನಿನಗೆ ತಿಳಿಯದಂತೆ ಹೊರಗೆ ಹೋಗಿದ್ದ ಸ್ನೇಹಿತನನ್ನು ಬೀದಿಯಲ್ಲಿ ಎದುರುಗೊಂಡರೆ ಆ ಮರಣಕ್ಕೆ ನೀನೂ ಹೊಣೆಯಾಗುವೆ. ಒಂದು ಕಡೆ ಸಡಿಲಿಸಿದರೆ ಮಾತಿನ ಮೇಲೆ ನಿಂತ ಒಪ್ಪಂದಗಳೆಲ್ಲವೂ ಸಡಿಲಿಸುತ್ತವೆ ಎಂಬುದು ಅವನ ಭಯ.

ಈ ಇಬ್ಬರಲ್ಲಿ ಯಾರು ಸರಿ? ನನ್ನ ಮನಸ್ಸು ಕೃಷ್ಣನ ಕಡೆಗೇ ವಾಲುತ್ತದೆ. ಸತ್ಯವನ್ನು ನುಡಿಯಬೇಕೆಂಬ ನಿಯಮ ಹುಟ್ಟಿದ್ದು ಜನರು ಒಬ್ಬರನ್ನೊಬ್ಬರು ನಂಬಿ ಬದುಕಲೆಂದು; ಆ ನಿಯಮವನ್ನೇ ಜನರ ಕುತ್ತಿಗೆಗೆ ಕತ್ತಿಯಾಗಿ ಕೊಟ್ಟರೆ ನಿಯಮ ಉಳಿದು ಅದರ ಉದ್ದೇಶ ಸತ್ತಂತಾಯಿತು. ಆದರೆ ಗಮನಿಸಬೇಕಾದದ್ದೇನೆಂದರೆ, ಕೃಷ್ಣನು ಕೌಶಿಕನಿಗೆ 'ನಿನಗೆ ಸರಿತೋರಿದ್ದೇ ನಿನಗೆ ಸರಿ' ಎಂದು ಹೇಳಲಿಲ್ಲ. ಅವನು ತಪ್ಪಿದನೆಂದೇ ಹೇಳಿದನು. ತಪ್ಪಿದನೆಂದು ಹೇಳಬೇಕಾದರೆ ಅವನ ವ್ರತಕ್ಕಿಂತ ಮೇಲಾದ ಒಂದು ಅಳತೆ ಇರಬೇಕು. ಆದುದರಿಂದ ನಿಯಮಕ್ಕೆ ಅಪವಾದ ಉಂಟೆಂಬುದರಿಂದ ನೀತಿಯೇ ಸಾಪೇಕ್ಷವೆಂದು ಸಿದ್ಧವಾಗುವುದಿಲ್ಲ. ನಿಯಮಗಳನ್ನೂ ತೂಗುವ ತಕ್ಕಡಿಯೊಂದಿದೆ ಎಂಬುದು ಸಿದ್ಧವಾಗುತ್ತದೆ.

ಹಾಗೆಂದು ಕ್ಯಾಂಟನ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ. ಸುಳ್ಳಾಡುವ ಪ್ರತಿಯೊಬ್ಬನೂ ತನ್ನ ಸಂದರ್ಭವೇ ಅಪವಾದವೆಂದು ನಂಬುತ್ತಾನೆ. ವ್ಯಾಸರಿಗೆ ಇದು ತಿಳಿದಿತ್ತು. ದ್ರೋಣಪರ್ವದಲ್ಲಿ ಅಶ್ವತ್ಥಾಮನ ವಿಷಯವಾಗಿ ಧರ್ಮರಾಯನು ಅರ್ಧಸತ್ಯವನ್ನು ಆಡಿದಾಗ, ಅದುವರೆಗೆ ನೆಲದಿಂದ ನಾಲ್ಕು ಅಂಗುಲ ಮೇಲೆ ಸಾಗುತ್ತಿದ್ದ ಅವನ ರಥ ಕೆಳಕ್ಕೆ ಇಳಿಯಿತು. ಆ ಸಲಹೆ ಬಂದದ್ದು ಕೌಶಿಕನ ಕಥೆ ಹೇಳಿದ ಕೃಷ್ಣನಿಂದಲೇ; ಯುದ್ಧಕ್ಕೆ ಅದರಿಂದ ಅನುಕೂಲವೂ ಆಯಿತು. ಆದರೂ ಕವಿ ಲೆಕ್ಕವನ್ನು ಬಿಡಲಿಲ್ಲ. ಅಗತ್ಯವೆಂದು ಆಡಿದ ಸುಳ್ಳಿಗೂ ಬೆಲೆಯುಂಟು. ಆ ಬೆಲೆಯನ್ನು ಯಾರು ತೆರುತ್ತಾರೆಂಬುದನ್ನು ನೋಡಬೇಕು. ನಮ್ಮ ಪುಣ್ಯಕೋಟಿಯನ್ನು ನೆನೆಯಿರಿ. ಹುಲಿಗೆ ಕೊಟ್ಟ ಮಾತನ್ನು ಉಳಿಸುವುದಕ್ಕೆ ಅವಳು ಹಿಂದಿರುಗಿದಾಗ ಪಣವಾಗಿಟ್ಟದ್ದು ತನ್ನ ಪ್ರಾಣವನ್ನು. ಕೌಶಿಕನು ತನ್ನ ವ್ರತಕ್ಕೆ ಪಣವಾಗಿಟ್ಟದ್ದು ಪರರ ಪ್ರಾಣವನ್ನು. ಇಬ್ಬರೂ ಸತ್ಯವನ್ನೇ ನಡೆಸಿದರು. ಒಬ್ಬಳನ್ನು ನಾಡಿನ ಮಕ್ಕಳೆಲ್ಲರೂ ಹಾಡಿ ಕೊಂಡಾಡುತ್ತಾರೆ, ಮತ್ತೊಬ್ಬನನ್ನು ಪುರಾಣವೇ ಖಂಡಿಸುತ್ತದೆ.

ಇಷ್ಟು ಹೊತ್ತು ನಡೆಸಿದ್ದು ತತ್ತ್ವದ ವಿಚಾರ. ಇದರಿಂದ ಲೋಕವ್ಯವಹಾರಕ್ಕೆ ಆಗಬೇಕಾದದ್ದೇನು ಎಂದರೆ, ನಮ್ಮ ಸಮೀಪದ ಇತಿಹಾಸವೇ ಉತ್ತರ ಕೊಡುತ್ತದೆ. ೧೮೯೦ ರಲ್ಲಿ ಕಲ್ಕತ್ತೆಯ ನ್ಯಾಯಸ್ಥಾನಕ್ಕೆ ಒಂದು ಮೊಕದ್ದಮೆ ಬಂದಿತು. ಹತ್ತು ಹನ್ನೊಂದು ವರ್ಷದ ವಧುವೊಬ್ಬಳು ಪ್ರಾಯಸ್ಥನಾದ ಗಂಡನ ಕಾರಣದಿಂದ ಮೃತಪಟ್ಟಿದ್ದಳು. ಮರುವರ್ಷ, ಎಂದರೆ ೧೮೯೧ ರಲ್ಲಿ, ಬ್ರಿಟಿಷ್ ಇಂಡಿಯಾದ ಸರ್ಕಾರವು ದಾಂಪತ್ಯಸಂಬಂಧಕ್ಕೆ ಕನ್ಯೆಯ ಕನಿಷ್ಠ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಶಾಸನವನ್ನು ಮಾಡಿತು. ಇಷ್ಟು ಅಲ್ಪವಾದ ಸುಧಾರಣೆಗೂ ದೇಶದಲ್ಲಿ ಮಹತ್ತಾದ ಕೋಲಾಹಲವಾಯಿತು. ಬಾಲಗಂಗಾಧರ ತಿಲಕರಂಥ ದೊಡ್ಡವರೂ ಅದನ್ನು ವಿರೋಧಿಸಿದರು. ಪರಕೀಯರ ಸರ್ಕಾರವು ನಮ್ಮ ಆಚಾರದಲ್ಲಿ ಕೈಹಾಕಬಾರದೆಂಬುದು ಅವರ ವಾದ. ಅದರಲ್ಲಿ ಸ್ವಾಭಿಮಾನದ ಬಲವಿತ್ತೆಂಬುದನ್ನು ನಾವು ಮರೆಯಬಾರದು. ೧೮೯೪ ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪರಕೀಯರ ಸರ್ಕಾರವಲ್ಲ, ಮಹಾರಾಜರ ಸರ್ಕಾರವೇ ಶಿಶುವಿವಾಹ ನಿಷೇಧದ ಕಾಯಿದೆಯನ್ನು ಜಾರಿಗೆ ತಂದಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆ ಕೂಡದೆಂದೂ, ಐವತ್ತು ಮೀರಿದ ಪುರುಷನು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಕೂಡದೆಂದೂ ಅದು ವಿಧಿಸಿತು.

ಈಗ ಸಾಪೇಕ್ಷವಾದಿಯನ್ನು ಕೇಳೋಣ: ೧೮೯೩ ರಲ್ಲಿ ಏಳು ವರ್ಷದ ಮಗುವನ್ನು ಐವತ್ತೈದರ ವೃದ್ಧನಿಗೆ ಧಾರೆಯೆರೆದುಕೊಟ್ಟದ್ದು ಸರಿಯಾಗಿತ್ತೇ? ಆ ಕಾಲಕ್ಕೆ, ಆ ಜನಕ್ಕೆ ಸರಿ ಎಂದೇ ಅವನು ಹೇಳಬೇಕಾಗುತ್ತದೆ. ೧೮೯೪ ರ ಸುಧಾರಕರು ಹಿಂದಿನದಕ್ಕಿಂತ ಒಳ್ಳೆಯದನ್ನು ಮಾಡಿದರೆಂದು ಹೇಳುವುದಕ್ಕೂ ಅವನಿಗೆ ಅಧಿಕಾರವಿಲ್ಲ. ಬೇರೆಯದನ್ನು ಮಾಡಿದರೆಂದಷ್ಟೇ ಹೇಳಬಹುದು. ಇನ್ನೂ ಒಂದು ಪ್ರಶ್ನೆ. 'ಆ ಜನಕ್ಕೆ ಸರಿ' ಎಂದರೆ ಯಾವ ಜನಕ್ಕೆ? ತಂದೆಗೋ, ವರನಿಗೋ, ಪುರೋಹಿತರಿಗೋ? ಹಸೆಮಣೆಯ ಮೇಲೆ ಕುಳಿತು ತೂಕಡಿಸುತ್ತಿದ್ದ ಆ ಮಗುವನ್ನು ಯಾರೂ ಕೇಳಲಿಲ್ಲ. ಆಚಾರವೇ ಪ್ರಮಾಣವೆಂದಾಗ ಆಚಾರವನ್ನು ಮಾಡುವ ಬಲವುಳ್ಳವರ ಮಾತೇ ಸತ್ಯವಾಗಿ, ಬಲವಿಲ್ಲದವರ ನೋವು ಲೆಕ್ಕಕ್ಕೇ ಬರುವುದಿಲ್ಲ. ಔದಾರ್ಯದ ವೇಷದಲ್ಲಿ ಬಂದ ವಾದವು ಕೊನೆಗೆ ಪ್ರಬಲರ ಕಾವಲುಗಾರನಾಗಿ ನಿಲ್ಲುತ್ತದೆ. ನನಗೆ ಈ ವಾದದ ಮೇಲಿರುವ ಮುಖ್ಯ ಆಕ್ಷೇಪ ಇದೇ.

ಪ್ರಪಂಚವು ದೊಡ್ಡ ಪ್ರಮಾಣದಲ್ಲಿ ಇದೇ ಪ್ರಶ್ನೆಯನ್ನು ಎದುರಿಸಬೇಕಾಯಿತು. ಎರಡನೆಯ ಮಹಾಯುದ್ಧದ ಘೋರಗಳು ಕಳೆದ ಮೇಲೆ ವಿಶ್ವಸಂಸ್ಥೆಯು ಮಾನವನ ಹಕ್ಕುಗಳ ಘೋಷಣೆಯನ್ನು ಸಿದ್ಧಪಡಿಸಲು ತೊಡಗಿತು. ೧೯೪೭ ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞರ ಸಂಘವು, ಮೌಲ್ಯಗಳು ಆಯಾ ಸಂಸ್ಕೃತಿಗೆ ಸೇರಿದವು, ಒಂದು ಸಂಸ್ಕೃತಿಯ ಅಳತೆಯನ್ನು ಎಲ್ಲರ ಮೇಲೂ ಹೇರಬಾರದು ಎಂಬ ಅಭಿಪ್ರಾಯವನ್ನು ಕಳುಹಿಸಿತು. ಸಾಮ್ರಾಜ್ಯಗಳ ದರ್ಪವನ್ನು ಕಂಡವರಿಗೆ ಈ ಭಯ ಸಹಜವೇ. ಆದರೆ ಆ ಘೋಷಣೆಯನ್ನು ರಚಿಸಿದ ಆಯೋಗದಲ್ಲಿ ಚೀನದವರೂ ಲೆಬನಾನಿನವರೂ ನಮ್ಮ ದೇಶದ ಹಂಸಾ ಮೆಹತಾ ಅವರೂ ಇದ್ದರು. ಹುಟ್ಟಿನಿಂದ ಸಮಾನರೆಂಬ ಮಾತಿನಲ್ಲಿ ಪುರುಷರನ್ನು ಮಾತ್ರ ಸೂಚಿಸುವಂತಿದ್ದ ಇಂಗ್ಲಿಷ್ ಪದವನ್ನು ತೆಗೆಸಿ, ಮಾನವರೆಲ್ಲರೂ ಎಂಬ ಅರ್ಥ ಬರುವಂತೆ ಮಾಡಿಸಿದವರು ಆ ಮಹಿಳೆ. ೧೯೪೮ ರ ಡಿಸೆಂಬರ್ ೧೦ ರಂದು ಪ್ಯಾರಿಸ್ಸಿನಲ್ಲಿ ೪೮ ರಾಷ್ಟ್ರಗಳು ಪರವಾಗಿ ಮತವಿತ್ತವು, ೮ ತಟಸ್ಥವಾದವು, ವಿರೋಧವಾಗಿ ಒಂದೂ ಇರಲಿಲ್ಲ. ೧೯೯೯ ರಲ್ಲಿ ಅದೇ ಮಾನವಶಾಸ್ತ್ರಜ್ಞರ ಸಂಘವು ಮಾನವಹಕ್ಕುಗಳನ್ನು ಎತ್ತಿಹಿಡಿಯುವ ಘೋಷಣೆಯನ್ನು ತಾನೇ ಅಂಗೀಕರಿಸಿತು.

ಇಷ್ಟಾದ ಮೇಲೆ ಎದುರು ಪಕ್ಷದವರಲ್ಲಿರುವ ನಿಜವನ್ನೂ ಒಪ್ಪಿಕೊಳ್ಳುವುದು ನ್ಯಾಯ. ಸತ್ಯವು ನಿರಪೇಕ್ಷವೆಂದು ಹೇಳಿದವರೆಲ್ಲರೂ ಲೋಕಕ್ಕೆ ಉಪಕಾರ ಮಾಡಲಿಲ್ಲ. ೧೬೩೩ ರಲ್ಲಿ ರೋಮಿನ ಧರ್ಮಾಧಿಕಾರಿಗಳು ಗೆಲಿಲಿಯೋವನ್ನು ಮಂಡಿಯೂರಿಸಿ, ಭೂಮಿ ಚಲಿಸುತ್ತದೆಂಬ ಮತವನ್ನು ಬಿಡುವೆನೆಂದು ಹೇಳಿಸಿದಾಗ, ಅವರೂ ಸತ್ಯದ ಹೆಸರಿನಲ್ಲಿಯೇ ಹೇಳಿಸಿದರು. ಆದರೆ ಅವರ ದೋಷ ಯಾವುದು? ಸತ್ಯ ಒಂದೇ ಎಂದು ನಂಬಿದ್ದಲ್ಲ. ಅದು ಪೂರ್ತಿಯಾಗಿ ತಮ್ಮ ಮುಷ್ಟಿಯಲ್ಲಿದೆ ಎಂದು ನಂಬಿದ್ದು. ಸತ್ಯವು ನಿರಪೇಕ್ಷ, ನಮ್ಮ ಅರಿವು ಸಾಪೇಕ್ಷ. ಮೊದಲನೆಯದನ್ನು ಮರೆತರೆ ಕಾಲಿಗೆ ನೆಲವಿಲ್ಲ. ಎರಡನೆಯದನ್ನು ಮರೆತರೆ ಕಣ್ಣಿಗೆ ನಾಚಿಕೆಯಿಲ್ಲ. ಸ್ಯಾದ್ವಾದಿಗಳು ಕಲಿಸಿದ ವಿನಯ ನಿಜವಾದ ವಿನಯವಾಗುವುದು, ತಿಳಿಯಬೇಕಾದ ವಸ್ತುವೊಂದು ನಮ್ಮನ್ನು ಮೀರಿ ಇದೆ ಎಂದು ಒಪ್ಪಿದಾಗ ಮಾತ್ರ. ಮೀರಿದ್ದೇನೂ ಇಲ್ಲವೆಂದ ಮೇಲೆ ಯಾವುದರ ಮುಂದೆ ವಿನಯ?

ಸಹನೆಯ ವಿಷಯವೂ ಹೀಗೆಯೇ. ಅನ್ಯಮತವನ್ನು ಸಹಿಸಬೇಕೆಂದು ಸಾಪೇಕ್ಷವಾದಿಯು ನಮಗೆ ಉಪದೇಶಿಸುತ್ತಾನೆ. ಸಂತೋಷ. ಆದರೆ ಸಹಿಸಬೇಕೆಂಬ ಈ ಧರ್ಮ ಎಲ್ಲರಿಗೂ ಸೇರಿದ್ದೋ, ಅದನ್ನು ಮೆಚ್ಚಿದವರಿಗೆ ಮಾತ್ರ ಸೇರಿದ್ದೋ? ಎಲ್ಲರಿಗೂ ಎಂದರೆ ಅವನೂ ಒಂದು ನಿರಪೇಕ್ಷ ಧರ್ಮವನ್ನು ಒಪ್ಪಿದಂತಾಯಿತು. ಮೆಚ್ಚಿದವರಿಗೆ ಮಾತ್ರ ಎಂದರೆ, ಸಹಿಸದೆ ಬಡಿಯಲು ಬಂದವನಿಗೆ ಅವನು ಕೊಡುವ ಉತ್ತರವೇನೂ ಇಲ್ಲ.

ಆದಕಾರಣ, 'ಅದು ಅವರ ಸಂಪ್ರದಾಯ', 'ಅದು ಆ ಕಾಲದ ಧರ್ಮ' ಎಂಬ ಮಾತು ಬಾಯಿಗೆ ಬಂದಾಗಲೆಲ್ಲ ಸ್ವಲ್ಪ ತಡೆದು ವಿಚಾರ ಮಾಡೋಣ. ಇದು ಕೇವಲ ಆಚಾರದ ಭೇದವೇ? ಹಾಗಿದ್ದರೆ ಸಂತೋಷದಿಂದ ಬಿಟ್ಟುಬಿಡೋಣ. ಲೋಕಕ್ಕೆ ಅದು ಅಲಂಕಾರ. ಸಂಗತಿಗಳ ಅರಿವಿನ ಭೇದವೇ? ಹಾಗಿದ್ದರೆ ಕೂಡಿ ಕುಳಿತು ತಿಳಿದುಕೊಳ್ಳೋಣ. ಎರಡೂ ಅಲ್ಲದೆ ಅದರ ಬೆಲೆಯನ್ನು ಬಾಯಿಲ್ಲದವರು ಯಾರೋ ತೆರುತ್ತಿದ್ದಾರೆಂದು ಕಂಡುಬಂದರೆ, ಅವರನ್ನು ಕೇಳಿದ ಹೊರತು ಅದು ಸರಿಯೆಂದು ಹೇಳುವ ಅಧಿಕಾರ ನಮಗೂ ಇಲ್ಲ, ಆ ಸಂಪ್ರದಾಯದ ಹಿರಿಯರಿಗೂ ಇಲ್ಲ.